ಮೂಲೆಯವನ ಪಕ್ಕದವನು

ನಮ್ಮ ಮನೆಗೆ ಬಂದವರೆಲ್ಲ ಪಡಸಾಲೆಯ ಗೋಡೆಯ ಮೇಲಿರುವ ಚಿತ್ರವನ್ನು ನೋಡಲೇಬೇಕು. ನೋಡದವರಿಗೆ ಕಾಫಿ ಸಿಗುವುದಿಲ್ಲ ಎಂದು ನನ್ನ ಹೆಂಡತಿ ಬಂದವರಿಗೆಲ್ಲ ಹೇಳುತ್ತಾಳೆ. ಅವಳು ತಮಾಷೆಗೆ ಹೇಳುವುದು, ಆದರೆ ಬಹುಮಟ್ಟಿಗೆ ನಿಜ. ಪತ್ರಿಕೆಯಿಂದ ಕತ್ತರಿಸಿ ಕಟ್ಟು ಹಾಕಿಸಿದ, ಈಗ ಹಳದಿ ತಿರುಗಿರುವ ಚಿತ್ರ ಅದು. ಹೊಸದುರ್ಗದ ಕಬಡ್ಡಿ ಅಂಕಣ. ಎದುರು ತಂಡದ ದಾಳಿಗಾರ ಮುಗ್ಗರಿಸಿ ಬಿದ್ದಿದ್ದಾನೆ. ಅವನ ಬೆರಳಿಗೂ ಮಧ್ಯದ ಗೆರೆಗೂ ಒಂದು ಗೇಣು ಇದ್ದರೆ ಹೆಚ್ಚು. ನಮ್ಮ ತಂಡದ ಬಲಮೂಲೆಯ ಆಟಗಾರ ಮಣ್ಣಿನಲ್ಲಿ ಉದ್ದಕ್ಕೆ ಮಲಗಿ ಅವನ ಕಾಲಿನ ಹರಡು ಹಿಡಿದಿದ್ದಾನೆ. ಮುಖ ಸ್ಪಷ್ಟವಾಗಿದೆ, ಹಲ್ಲು ಕಚ್ಚಿರುವುದೂ ಕಾಣುತ್ತದೆ. ದಾಳಿಗಾರನ ಸೊಂಟದ ಸುತ್ತ ಇನ್ನೊಂದು ಕೈ ಬಿಗಿದುಕೊಂಡಿದೆ. ಆ ಕೈ ಭುಜದವರೆಗೆ ಇದೆ, ಮುಂದೆ ಚಿತ್ರವೇ ಮುಗಿದುಹೋಗಿದೆ.

ಆ ಕೈ ನನ್ನದು.

ಕಬಡ್ಡಿ ಆಡಿಯೇ ಅನ್ನ ತಿಂದವನು ನಾನು. ಕ್ರೀಡಾ ಕೋಟಾದಲ್ಲಿ ಒಂದು ಇಲಾಖೆಯ ಕೆಲಸ ಸಿಕ್ಕಿತು, ಚಿತ್ರದುರ್ಗದ ಕಚೇರಿಗೆ ಹಾಕಿದರು, ಹದಿನಾಲ್ಕು ವರ್ಷ ಇಲಾಖೆಯ ತಂಡಕ್ಕೆ ಆಡಿದೆ. ಬೆಳಿಗ್ಗೆ ಕೋಟೆಯ ಬುಡದಲ್ಲಿ ಓಟ, ಮೈದಾನದಲ್ಲಿ ಅಭ್ಯಾಸ, ಆಮೇಲೆ ಮೈಯ ಮಣ್ಣು ತೊಳೆದುಕೊಂಡು ಹಾಜರಿ ಪುಸ್ತಕಕ್ಕೆ ಸಹಿ. ಕಚೇರಿಯವರು ನನ್ನನ್ನು 'ಕಬಡ್ಡಿ ಸಾಹೇಬ್ರು' ಎಂದು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ. ಅವರಲ್ಲಿ ಒಬ್ಬರ ಕೈಯಾದರೂ ಪತ್ರಿಕೆಯಲ್ಲಿ ಬಂದಿದೆಯೇ?

ಕಬಡ್ಡಿ ನೋಡುವವರಿಗೆ ದಾಳಿಗಾರ ಕಾಣುತ್ತಾನೆ. ಸ್ವಲ್ಪ ತಿಳಿದವರಿಗೆ ಮೂಲೆಯವನೂ ಕಾಣುತ್ತಾನೆ. ದಾಳಿಗಾರನ ಕಾಲಿಗೆ ಮೊದಲು ಬೀಳುವವನು ಅವನೇ. ಮೂಲೆಯವನ ಕೈ ಹಿಡಿದು ಪಕ್ಕದಲ್ಲಿ ಒಬ್ಬ ನಿಂತಿರುತ್ತಾನಲ್ಲ, ಅವನು ಯಾರಿಗೂ ಕಾಣುವುದಿಲ್ಲ. ನಮ್ಮ ಕಡೆ ಅವನಿಗೆ 'ಸಪೋರ್ಟ್' ಎನ್ನುತ್ತಾರೆ. ಮೂಲೆಯವನು ಕಾಲು ಹಿಡಿದ ಅರ್ಧ ಉಸಿರಿನಲ್ಲಿ ಇವನು ಹೋಗಿ ಸೊಂಟಕ್ಕೋ ತೊಡೆಗೋ ಬೀಳಬೇಕು. ಬೀಳದಿದ್ದರೆ ದಾಳಿಗಾರ ಮೂಲೆಯವನನ್ನು ಮೂಟೆಯಂತೆ ಎಳೆದುಕೊಂಡು ಹೋಗಿ ಗೆರೆ ಮುಟ್ಟುತ್ತಾನೆ. ಬಿದ್ದರೆ ಎಲ್ಲರೂ ಮೂಲೆಯವನನ್ನು ಹೊಗಳುತ್ತಾರೆ. ನಾನು ಆ ಪಕ್ಕದವನು.

ನಮ್ಮ ಮೂಲೆಯವನು ಯಲ್ಲದಕೆರೆ ಕಡೆಯ ಕುರಿಗಾಹಿಗಳ ಮನೆಯವನು. ನಾನು ಆದಿವಾಲದ ರೈತರ ಮನೆಯವನು. ಇಬ್ಬರೂ ಹಿರಿಯೂರು ತಾಲ್ಲೂಕಿನವರೇ ಆದರೂ ಮೊದಲು ಮುಖ ನೋಡಿದ್ದು ಚಿತ್ರದುರ್ಗದಲ್ಲಿ, ಒಂದೇ ದಿನ ಕೆಲಸಕ್ಕೆ ಸೇರಿದಾಗ. ನಾನು ಬಾಯಿ ಬಿಟ್ಟರೆ ಮುಚ್ಚುವವನಲ್ಲ. ಅವನು ಬಾಯಿ ತೆರೆಯಬೇಕಾದರೆ ಹಸಿವಾಗಬೇಕು. ಮೊದಲ ವಾರ ಅವನ ಹಿಡಿತ ನೋಡಿ ನಾನು ಕೇಳಿದ್ದೆ, ಯಾರು ಕಲಿಸಿದರು ಎಂದು.

"ಕುರಿ," ಎಂದ.

ಮಂದೆಯಲ್ಲಿ ಓಡುವ ಕುರಿಯನ್ನು ಹಿಂಗಾಲು ಹಿಡಿದೇ ನಿಲ್ಲಿಸಬೇಕಂತೆ. ಕುತ್ತಿಗೆಗೆ ಹೋದರೆ ಜಾರಿಕೊಳ್ಳುತ್ತದೆ, ಬೆನ್ನಿಗೆ ಹೋದರೆ ಉಣ್ಣೆ ಕೈಗೆ ಬರುತ್ತದೆ. ನಡೆಯಲು ಕಲಿತ ವರ್ಷದಿಂದ ಅವನು ಹಿಂಗಾಲು ಹಿಡಿದವನು. ಯಾವ ತರಬೇತಿ ಶಿಬಿರದವರೂ ಅದನ್ನು ಕಲಿಸಲಾರರು ಎಂದು ನನಗೆ ಆಗಲೇ ಗೊತ್ತಾಯಿತು.

ಅವನು ಬಲಮೂಲೆ. ಅವನ ಎಡಗೈ ನನ್ನ ಬಲಗೈಯಲ್ಲಿ. ದಾಳಿಗಾರ ಬಂದಾಗ ನನ್ನ ಕಣ್ಣು ಅವನ ಕೈ ಮತ್ತು ಸೊಂಟದ ಮೇಲೆ ಇರಬೇಕು, ಮೂಲೆಯವನ ಕಣ್ಣು ಪಾದದ ಮೇಲೆ. ಪಾದ ಏನು ಮಾಡುತ್ತಿದೆ ಎಂದು ನನಗೆ ಕಾಣುವುದಿಲ್ಲ. ಅದನ್ನು ಮೂಲೆಯವನು ಕೈಯಲ್ಲಿ ಹೇಳುತ್ತಿದ್ದ. ಒಂದು ಸಲ ಒತ್ತಿದರೆ 'ತಡಿ'. ಎರಡು ಸಲ ಒತ್ತಿದರೆ 'ಹೋಗಾಣ'. ಎರಡನೆಯ ಒತ್ತು ಮುಗಿಯುವಷ್ಟರಲ್ಲಿ ಅವನ ಕೈ ನನ್ನ ಕೈಯಿಂದ ಜಾರಿಹೋಗಿ ಯಾರದೋ ಹರಡಿನ ಮೇಲಿರುತ್ತಿತ್ತು, ನಾನು ಗಾಳಿಯಲ್ಲಿರುತ್ತಿದ್ದೆ. ಈ ಒಪ್ಪಂದವನ್ನು ನಾವು ಕುಳಿತು ಮಾತನಾಡಿ ಮಾಡಿಕೊಂಡದ್ದೂ ಅಲ್ಲ. ಅದು ಹಾಗೇ ಆಯಿತು. ಹದಿನಾಲ್ಕು ವರ್ಷ ನನ್ನ ಹೆಂಡತಿಯ ಕೈ ಹಿಡಿದದ್ದಕ್ಕಿಂತ ಆ ಒರಟನ ಕೈ ಹಿಡಿದದ್ದೇ ಹೆಚ್ಚು. ಇದನ್ನು ಹೇಳಿದಾಗ ನನ್ನ ಹೆಂಡತಿ, "ಅದೇನು ಹೊಸಾ ಸುದ್ದಿ ಅಂತ ಹೇಳ್ತೀರ್ರಿ," ಎಂದಳು.

ಆಟಗಾರರಿಗೆ ತೂಕದ ಮಿತಿ ಇತ್ತು. ಪಂದ್ಯಾವಳಿಯ ದಿನ ಬೆಳಿಗ್ಗೆ ಎಲ್ಲರೂ ತಕ್ಕಡಿ ಹತ್ತಬೇಕು, ಮುಳ್ಳು ಮಿತಿ ದಾಟಿದರೆ ಹೊರಗೆ. ನಾನು ಮುದ್ದೆಯ ಮನುಷ್ಯ. ಹಬ್ಬ ಕಳೆದು ಬಂದ ಪಂದ್ಯವೆಂದರೆ ನನಗೆ ಎದೆ ಢವಢವ. ಒಮ್ಮೆ ಹೊಳಲ್ಕೆರೆಯಲ್ಲಿ ತಕ್ಕಡಿ ಹತ್ತಿ ಇಳಿದೆ, ಒಪ್ಪಲಿಲ್ಲ. ಒಂದು ಗಂಟೆ ಸಮಯ ಕೊಟ್ಟರು. ಮೂಲೆಯವನು ತನ್ನ ಚೀಲದಿಂದ ಕರಿಯ ಕಂಬಳಿ ತೆಗೆದು ನನ್ನ ಮೇಲೆ ಹೊದಿಸಿದ. ಆ ಬಿಸಿಲಿನಲ್ಲಿ ಕಂಬಳಿ ಹೊದ್ದುಕೊಂಡು ಮೈದಾನ ಸುತ್ತಿದೆ. ಅವನು ಪಕ್ಕದಲ್ಲಿ ಓಡುತ್ತಾ, "ಬೆವರ್ಲೇ, ಬೆವರು," ಎನ್ನುತ್ತಿದ್ದ. ಸುತ್ತು ಮುಗಿಸಿ ಹತ್ತಿದರೆ ಮುಳ್ಳು ಇನ್ನೂ ಕೂದಲೆಳೆಯಷ್ಟು ಆಚೆ. ಕ್ಷೌರದ ಅಂಗಡಿಗೆ ಓಡಿಸಿಕೊಂಡು ಹೋಗಿ, ಅವಸರದಲ್ಲಿ ಅಲ್ಲಲ್ಲಿ ಕೂದಲು ಬಿಟ್ಟು ತಲೆ ಬೋಳಿಸಿದರು, ಮೀಸೆ ಉಳಿಸಿದರು. ಆ ದಿನ ನಾವು ಗೆದ್ದೆವು. ಬೋಳುತಲೆಯಲ್ಲಿ ಮನೆಗೆ ಬಂದ ನನ್ನನ್ನು ನೋಡಿ ನನ್ನ ತಾಯಿ, ಯಾರು ಹೋದರೋ ಎಂದು ಎದೆ ಬಡಿದುಕೊಂಡರು.

ಪ್ರತಿ ಪಂದ್ಯಾವಳಿಯಲ್ಲೂ ಕೊನೆಗೆ ಬಹುಮಾನ ಕೊಡುತ್ತಾರೆ: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ. ಹಿಡಿತಗಾರನ ಬಹುಮಾನ ಯಾವಾಗಲೂ ಮೂಲೆಯವನಿಗೇ. ಮೊದಮೊದಲು ನನಗೆ ಉರಿಯುತ್ತಿತ್ತು. ಸುಳ್ಳು ಏಕೆ ಹೇಳಲಿ, ಹೊಟ್ಟೆಯೊಳಗೆ ಬೆಂಕಿ ಬೀಳುತ್ತಿತ್ತು. ಮೊಣಕೈ ತರಚಿಕೊಂಡವನು ನಾನು, ಬೆರಳುಗಳನ್ನು ಸೊಟ್ಟ ಮಾಡಿಕೊಂಡವನು ನಾನು, ಮೈಕಿನಲ್ಲಿ ಕೂಗುವುದು ಅವನ ಹೆಸರು. ಅವನು ಮೊದಲ ಸಲ ಗೆದ್ದದ್ದು ಒಂದು ಸ್ಟೀಲ್ ಕೊಡ. ಹಿಂದಿರುಗುವ ಬಸ್ಸಿನಲ್ಲಿ ಅದನ್ನು ನನ್ನ ತೊಡೆಯ ಮೇಲಿಟ್ಟ.

"ಇದು ನಿಂದು. ಮುಂದಿಂದು ನಂದು," ಎಂದು ಕಿಟಕಿಯ ಕಡೆ ತಿರುಗಿ ನಿದ್ದೆ ಹೋದ.

ಅಂದಿನಿಂದ ಅದೇ ನಡೆದು ಬಂತು. ಒಂದು ಅವನ ಮನೆಗೆ, ಒಂದು ನಮ್ಮ ಮನೆಗೆ. ನಮ್ಮ ಅಡುಗೆಮನೆಯ ಅರ್ಧ ಪಾತ್ರೆಗಳ ಮೇಲೆ 'ಉತ್ತಮ ಹಿಡಿತಗಾರ' ಎಂದು ಕೆತ್ತಿದೆ. ಸಾರಿನ ಪಾತ್ರೆ ಉತ್ತಮ ಹಿಡಿತಗಾರ, ಹಾಲಿನ ಕ್ಯಾನು ಉತ್ತಮ ಹಿಡಿತಗಾರ. ಇಕ್ಕಳಕ್ಕೆ ಮಾತ್ರ ಕೆತ್ತಿಲ್ಲ, ನಿಜಕ್ಕೂ ಹಿಡಿಯುವುದು ಅದೊಂದೇ ಎಂದು ನನ್ನ ಹೆಂಡತಿಯ ದೂರು. ಆದರೂ ಒಂದು ಮಾತು ಒಳಗೇ ಉಳಿಯಿತು. ಇಷ್ಟು ವರ್ಷಗಳಲ್ಲಿ ಒಂದು ಪಂದ್ಯದ ಅಂಕದ ಹಾಳೆಯಲ್ಲೂ ಹಿಡಿದವನು ಎಂಬಲ್ಲಿ ನನ್ನ ಹೆಸರು ಬಂದಿರಲಿಲ್ಲ. ಕಾಲು ಮೊದಲು ಹಿಡಿದವನ ಹೆಸರನ್ನೇ ಅವರು ಬರೆಯುತ್ತಿದ್ದರು.

ಆಟ ಬಿಟ್ಟ ಮೇಲೆ ಇಬ್ಬರೂ ಕಚೇರಿಯಲ್ಲಿ ಕಡತ ಕಟ್ಟಿಕೊಂಡು ದಿನ ತಳ್ಳಿದೆವು. ಬೆರಳೊತ್ತುವ ಹೊಸ ಹಾಜರಿ ಯಂತ್ರ ಬಂದಾಗ ನನ್ನ ಸೊಟ್ಟ ಬೆರಳುಗಳನ್ನು ಅದು ಒಪ್ಪದೆ, ನನ್ನೊಬ್ಬನಿಗಾಗಿ ಹಳೆಯ ಸಹಿ ಪುಸ್ತಕ ಉಳಿಯಿತು. ಅದನ್ನೂ ನಾನು ಪದಕವೆಂದೇ ತಿಳಿದಿದ್ದೇನೆ. ನಿವೃತ್ತಿಯಾದ ವರ್ಷವೇ ಅವನು ಊರಿಗೆ ಹೋಗಿ ಕುರಿಗಳ ಹಿಂದೆ ಬಿದ್ದ. ನಾನೂ ಆದಿವಾಲಕ್ಕೆ ಬಂದೆ, ಮೊಣಕಾಲು ನೋವು, ತೋಟದ ಕೆಲಸ ಅಷ್ಟಕ್ಕಷ್ಟೆ. ಆದರೆ ಅಂಕಣ ಕಟ್ಟಲು ನನ್ನನ್ನು ಈಗಲೂ ಕರೆಯುತ್ತಾರೆ. ಎಲ್ಲ ಕಡೆ ಮ್ಯಾಟ್ ಬಂದರೂ ನಮ್ಮ ತಾಲ್ಲೂಕುಗಳ ಕಾಲೇಜುಗಳಲ್ಲಿ ಮಣ್ಣಿನ ಅಂಕಣವೇ ಹೆಚ್ಚು. ಕಲ್ಲು ಆರಿಸಿ, ಮಣ್ಣು ಜರಡಿ ಹಿಡಿದು, ನೀರು ಚಿಮುಕಿಸಿ, ದಮ್ಮಸು ಮಾಡಿ, ದಾರ ಕಟ್ಟಿ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತೇನೆ. ನಾನು ಮಾಡಿದ ಅಂಕಣದಲ್ಲಿ ಬಿದ್ದವರಿಗೆ ತರಚುತ್ತದೆ, ಮುರಿಯುವುದಿಲ್ಲ.

ಕಳೆದ ವರ್ಷ ಮೂಲೆಯವನಿಗೆ ಲಕ್ವ ಹೊಡೆಯಿತು.

ಸುದ್ದಿ ತಿಳಿದು ಚಿತ್ರದುರ್ಗದ ಆಸ್ಪತ್ರೆಗೆ ಹೋದಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಾತು ಸ್ವಲ್ಪ ತೊದಲುತ್ತಿತ್ತು, ಎಡಗಾಲು ಎಳೆಯುತ್ತಿತ್ತು. ಎಡಗೈ ಮಾತ್ರ ಪೂರ್ತಿ ಸತ್ತಂತೆ ಬಿದ್ದುಕೊಂಡಿತ್ತು. ಅದರ ಒಂದೊಂದು ಗಂಟು, ಒಂದೊಂದು ಗೀರು ನನಗೆ ಗೊತ್ತು. ನನ್ನ ಕೈಯನ್ನಾದರೂ ನಾನು ಅಷ್ಟು ನೋಡಿಲ್ಲ.

ಊರಿಗೆ ಕರೆತಂದ ಮೇಲೆ ಕಾಲು ನಿಧಾನವಾಗಿ ಬಂತು, ಕೋಲು ಹಿಡಿದು ಅಂಗಳದಲ್ಲಿ ಓಡಾಡುವಂತಾದ. ಕೈ ಬರಲಿಲ್ಲ. ಹಿಸುಕು ಎಂದು ಆಸ್ಪತ್ರೆಯವರು ಕೊಟ್ಟ ರಬ್ಬರ್ ಚೆಂಡನ್ನು ಕುರಿಹಟ್ಟಿಯ ಆಚೆಗೆ ಎಸೆದಿದ್ದನಂತೆ. ಅವನ ಚಿಂತೆ ಬೇರೆಯೇ ಇತ್ತು. ಉಣ್ಣೆ ಕತ್ತರಿಸುವಾಗ ಬಲಗೈಯಲ್ಲಿ ಕತ್ತರಿ, ಎಡಗೈಯಲ್ಲಿ ಕುರಿಯ ಹಿಂಗಾಲು. ಅವನ ಕುರಿಗಳಿಗೆ ಇಂದಿನವರೆಗೆ ಬೇರೆಯವರು ಕತ್ತರಿ ಹಾಕಿಲ್ಲ. ತಾನು ಹಿಡಿಯಲಾರದ ಕುರಿ ತನ್ನದಲ್ಲ ಎನ್ನುವ ಹಟ. ಕತ್ತರಿಸುವ ಕಾಲ ಬರುವುದರೊಳಗೆ ಕೈ ಬರದಿದ್ದರೆ ಇಡೀ ಮಂದೆಯನ್ನು ಕೊಟ್ಟುಬಿಡುವುದೆಂದು ಒಬ್ಬ ವ್ಯಾಪಾರಿಗೆ ಮಾತು ಕೊಟ್ಟಿದ್ದ.

ಅವನ ಹೆಂಡತಿ ನನ್ನನ್ನು ಹಿತ್ತಲಿಗೆ ಕರೆದು ಹೇಳಿದಳು. "ಅಣ್ಣಾ, ನನ್ ಮಾತು ಕೇಳಂಗಿಲ್ಲ. ಕುರಿ ಹೋದ್ರೆ ಇವರೂ ಹೋದಂಗೆ. ನೀವಾರ ಏನಾರ ಮಾಡ್ರಿ."

ಏನು ಮಾಡುವುದು? ನನಗೆ ಗೊತ್ತಿದ್ದದ್ದು ಅವನ ಕೈ ಹಿಡಿಯುವುದೊಂದೇ. ದಿನ ಬಿಟ್ಟು ದಿನ ಆದಿವಾಲದಿಂದ ಹಿರಿಯೂರಿಗೆ ಒಂದು ಬಸ್ಸು, ಅಲ್ಲಿಂದ ಅವನ ಊರಿಗೆ ಇನ್ನೊಂದು. ಅಂಗಳದ ಕಟ್ಟೆಯ ಮೇಲೆ ಅವನ ಎಡಕ್ಕೆ ಕುಳಿತು, ಅವನ ಎಡಗೈಯನ್ನು ನನ್ನ ಬಲಗೈಯಲ್ಲಿ ಹಿಡಿದು, ಒಂದು ಸಲ ಒತ್ತುತ್ತಿದ್ದೆ, ಎರಡು ಸಲ ಒತ್ತುತ್ತಿದ್ದೆ. ಅವನು ತಿರುಗಿ ಒತ್ತಲಿ ಎಂದು ಕಾಯುತ್ತಿದ್ದೆ. ಹಳೆಯ ಪಂದ್ಯಗಳ ಕಥೆ ಹೇಳುತ್ತಾ ಒತ್ತಿದೆ, ಬೈಯುತ್ತಾ ಒತ್ತಿದೆ. ಎರಡು ತಿಂಗಳು ಕಳೆಯಿತು. ಒದ್ದೆ ಬಟ್ಟೆಯನ್ನು ಹಿಡಿದಂತೆ, ಅಷ್ಟೆ.

ಒಂದು ದಿನ ಅವನಿಗೆ ತಾಳ್ಮೆ ಕೆಟ್ಟಿತು.

"ಬಿಡಲೇ ಕೈಯ. ಸುಮ್ನೆ ಒತ್ತಾದು ಒತ್ತಾದು. ಹದ್ನಾಕು ವರ್ಷದಾಗೆ ಒಂದು ಸಲಾನಾರ ನೀನು ಒತ್ತಿದ್ದೇನಲೇ? ಒತ್ತೋನು ನಾನು. ನೀನು ಹೋಗೋನು."

ನನಗೂ ಸಿಟ್ಟು ಬಂತು. "ಹಂಗಾರೆ ಒತ್ತು ಮತ್ತೆ, ಗಂಡಸಾಗಿದ್ರೆ," ಎಂದೆ.

"ಯಾಕ್ ಒತ್ಲಿ? ಯಾರ್ ಬಂದೌರೆ ಇಲ್ಲಿ?" ಎಂದು ಕೋಲು ಊರಿಕೊಂಡು ಒಳಗೆ ಹೋಗಿಬಿಟ್ಟ.

ಹಿಂದಿರುಗುವ ಬಸ್ಸಿನಲ್ಲಿ ಅರ್ಧ ದಾರಿಯವರೆಗೆ ಅವನನ್ನು ಮನಸ್ಸಿನಲ್ಲೇ ಬೈಯುತ್ತಾ ಕುಳಿತಿದ್ದೆ. ಹಿರಿಯೂರು ಹತ್ತಿರವಾದಾಗ ನನ್ನ ಕೈ ನನಗೇ ಉತ್ತರ ಹೇಳಿತು. ಅವನು ಹೇಳಿದ್ದು ಸರಿಯಾಗಿತ್ತು. ಪಕ್ಕದವನು ಎಂದೂ ಒತ್ತುವುದಿಲ್ಲ. ಪಕ್ಕದವನು ಕೈಯನ್ನು ಸಡಿಲವಾಗಿ ಕೊಟ್ಟು ಕಾಯುತ್ತಾನೆ. ಹದಿನಾಲ್ಕು ವರ್ಷ ಮಾಡಿದ ಕೆಲಸವನ್ನು ತಲೆಕೆಳಗಾಗಿ ಮಾಡಿಕೊಂಡು ಎರಡು ತಿಂಗಳು ಕುಳಿತಿದ್ದೆನಲ್ಲ ಎಂದು ನಾಚಿಕೆಯಾಯಿತು. ಯಾರು ಬಂದಿದ್ದಾರೆ ಎಂದು ಅವನು ಕೇಳಿದ್ದೂ ಸರಿ. ಎದುರಿಗೆ ಯಾರೂ ಇಲ್ಲದಿದ್ದರೆ ಆ ಕೈ ಯಾರ ಸುದ್ದಿ ಹೇಳಬೇಕು?

ಹೊಳಲ್ಕೆರೆಯ ಒಂದು ಕಾಲೇಜಿನಲ್ಲಿ ಆ ವಾರ ನಾನು ಅಂಕಣ ಸಿದ್ಧಮಾಡಬೇಕಿತ್ತು. ಅಲ್ಲಿನ ದೈಹಿಕ ಶಿಕ್ಷಣದ ಮೇಷ್ಟ್ರು ಹುಡುಗಿಯರ ತಂಡ ಕಟ್ಟಿದ್ದರು. ತಾವೇ ಒಳ್ಳೆಯ ದಾಳಿಗಾರರು, ಇನ್ನೂ ಕಾಲಿನಲ್ಲಿ ಚುರುಕಿದೆ. ಅವರಿಗೆ ಫೋನು ಮಾಡಿ ಒಂದು ಗಂಟೆ ಸಮಯ ಕೇಳಿದೆ. ಏಕೆಂದು ಹೇಳಿದೆ. ಅವರು ಸುಮ್ಮನೆ, "ಕರ್ಕಂಡ್ ಬರ್ರಿ ಸಾರ್," ಎಂದರು.

ಮೂಲೆಯವನಿಗೆ ನಿಜ ಹೇಳಲಿಲ್ಲ. ಹೇಳಿದ್ದರೆ ಬರುತ್ತಿರಲಿಲ್ಲ. ಹುಡುಗಿಯರಿಗೆ ಕಾಲು ಹಿಡಿಯುವುದು ಬರುತ್ತಿಲ್ಲ, ಬಂದು ನೋಡಿ ಹೇಳಬೇಕಂತೆ ಎಂದೆ.

"ನನ್ನೇನು ಜನಕ್ಕೆ ತೋರ್ಸಾಕೆ ಕರ್ಕಂಡು ಹೋಗ್ತೀಯಾ?"

"ನಿನ್ ಮುಖ ನೋಡಾಕೆ ಯಾರಿಗ್ ಪುರಸೊತ್ತೈತೆ? ಕಾಲು ನೋಡಿ ಹೇಳೋನು ಬೇಕು, ಅಷ್ಟೇ."

ಅವನ ಹೆಂಡತಿ ಆಗಲೇ ಒಗೆದ ಅಂಗಿ ತಂದು ಹಿಡಿದುಕೊಂಡು ನಿಂತಿದ್ದಳು. "ಹೋಗ್ಬರ್ರಿ. ಕುರಿ ನಾನು ನೋಡ್ಕಂತೀನಿ," ಎಂದಳು.

ಬಾಡಿಗೆ ಕಾರಿನಲ್ಲಿ ಹೊರಟೆವು. ಚಿತ್ರದುರ್ಗದಲ್ಲಿ ಮಂಡಕ್ಕಿ ಮೆಣಸಿನಕಾಯಿ ತಿಂದೆವು. ಬಲಗೈಯಲ್ಲಿ ತಿನ್ನುತ್ತಾ ಎಡಗೈಯನ್ನು ಮಡಿಲಿನಲ್ಲಿ ಮುಚ್ಚಿಟ್ಟುಕೊಂಡಿದ್ದ. ಅದನ್ನು ನೋಡಲಾರದೆ, ಖಾರವೆಂದು ಹೇಳಿ ನೀರು ಕುಡಿಯಲು ಎದ್ದುಹೋದೆ.

ಹಿಂದಿನ ದಿನವೇ ಹೋಗಿ ನಾನು ಹದಮಾಡಿಟ್ಟಿದ್ದ ಅಂಕಣ ಅದು. ಅವನು ಗೆರೆಯ ಹತ್ತಿರ ನಿಂತು, ಕೋಲಿನ ತುದಿಯಿಂದ ಮಣ್ಣು ಕೆದಕಿ ನೋಡಿ, "ಹೂಂ" ಎಂದ. ಅವನ ಬಾಯಿಂದ ಅದು ದೊಡ್ಡ ಹೊಗಳಿಕೆ. ಬಲಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿಸಿದೆ. ಅವನು ಕುಳಿತ. ಅವನ ಎಡಗಡೆ ನಾನು ನಿಂತು ಕೈ ತೆಗೆದುಕೊಂಡೆ. ಅವನು ನನ್ನನ್ನು ಒಂದು ಸಲ ದಿಟ್ಟಿಸಿ ನೋಡಿದ. ಈ ಸಲ ನಾನು ಒತ್ತಲಿಲ್ಲ. ಹಳೆಯ ಕಾಲದಂತೆ ಬೆರಳುಗಳನ್ನು ಸಡಿಲ ಬಿಟ್ಟೆ.

ಮೇಷ್ಟ್ರು ಅಂಕಣದ ಎದುರು ಭಾಗದಿಂದ ಕಬಡ್ಡಿ ಕಬಡ್ಡಿ ಎನ್ನುತ್ತಾ ಬಂದರು. ಹುಡುಗಿಯರು ಗೆರೆಯ ಹೊರಗೆ ಸಾಲಾಗಿ ನಿಂತು ನೋಡುತ್ತಿದ್ದರು. ಒಬ್ಬಳ ಕೈಯಲ್ಲಿ ಸೀಟಿ, ಒಬ್ಬಳ ಕೈಯಲ್ಲಿ ಅಂಕದ ಪುಸ್ತಕ, ಒಬ್ಬಳು ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದಳು. ಮೊದಲ ದಾಳಿಯಲ್ಲಿ ಏನೂ ಆಗಲಿಲ್ಲ. ಎರಡನೆಯದರಲ್ಲೂ ಇಲ್ಲ. ಮೂರನೆಯ ದಾಳಿ ಮುಗಿದಾಗ ಅವನು ಮೊದಲ ಬಾರಿಗೆ ಬಾಯಿ ಬಿಟ್ಟ.

"ಈ ಮೇಷ್ಟ್ರು ಎಡಗಾಲು ಸುಳ್ಳು ಹೇಳ್ತೈತೆ. ಮುಂದಕ್ಕೆ ಇಟ್ಟಂಗೆ ಮಾಡಿ ಬಲಗಾಲು ತರ್ತಾರೆ. ಮೇಷ್ಟ್ರೇ, ಇನ್ನೊಂದ್ ಸಲ ಬರ್ರಿ."

ಅವನು ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕುಳಿತಿದ್ದ. ಕಣ್ಣು ನೆಲದ ಮೇಲೆ. ಆ ಕಣ್ಣು ನನಗೆ ಪರಿಚಯದ್ದು. ನಾನು ನನ್ನ ಕಣ್ಣನ್ನು ಎಲ್ಲಿಡಬೇಕೋ ಅಲ್ಲಿಟ್ಟೆ, ಮೇಷ್ಟ್ರ ಸೊಂಟದ ಮೇಲೆ. ಅವರು ಬಂದರು, ಎಡಕ್ಕೆ ವಾಲಿದರು, ನಮ್ಮ ಮೂಲೆಗೆ ತಿರುಗಿದರು. ಆಗ ನನ್ನ ಅಂಗೈಯಲ್ಲಿ ಏನೋ ಆಯಿತು. ನನ್ನದೇ ನಾಡಿ ಹೊಡೆದುಕೊಂಡಿತೇನೋ ಎಂದುಕೊಂಡೆ. ಇಲ್ಲ, ಅವನ ಕಿರುಬೆರಳು ಮತ್ತು ಉಂಗುರದ ಬೆರಳು ನನ್ನ ಕೈಯ ಅಂಚನ್ನು ಮುಟ್ಟಿ, ಒತ್ತಿ, ಬಿಟ್ಟವು. ಒಂದು ಸಲ.

ತಡಿ.

ನಾನು ತಡೆದೆ. ಉಸಿರನ್ನೂ ತಡೆದೆ. ಕೂಗಬೇಕೆನಿಸಿತು, ಆದರೆ ದಾಳಿ ನಡೆಯುತ್ತಿರುವಾಗ ಪಕ್ಕದವನು ಕೂಗಬಾರದು. ಕಣ್ಣಲ್ಲಿ ನೀರು ತುಂಬಿ ಮೇಷ್ಟ್ರ ಸೊಂಟ ಎರಡಾಗಿ ಕಂಡಿತು. ಅವರ ಎಡಪಾದ ಸುಳ್ಳು ಹೇಳಿರಬೇಕು, ನನಗೆ ಕಾಣಲಿಲ್ಲ. ನನಗೆ ಅಂಗೈ ಮಾತ್ರ ಗೊತ್ತಿತ್ತು. ಅಲ್ಲಿ ಇನ್ನೊಂದು ಒತ್ತು ಬಂತು, ಅದರ ಬೆನ್ನಿಗೇ ಮತ್ತೊಂದು.

ನಾನು ಹೋದೆ.

ನನ್ನ ವಯಸ್ಸು, ನನ್ನ ಮೊಣಕಾಲು, ಹೆಂಡತಿ ಹೇಳಿ ಕಳಿಸಿದ ಎಚ್ಚರಿಕೆಗಳು, ಯಾವುದೂ ನನ್ನ ಜೊತೆ ಬರಲಿಲ್ಲ. ಎರಡು ಒತ್ತು ಬಿದ್ದರೆ ಹೋಗಬೇಕು ಎಂಬುದೊಂದೇ ಬಂತು. ಮೇಷ್ಟ್ರ ಸೊಂಟಕ್ಕೆ ತೋಳು ಸುತ್ತಿ ಹಾಗೇ ಕೆಡವಿದೆ. ಇಬ್ಬರೂ ಮಣ್ಣಿನಲ್ಲಿ. ತೂಕದ ಮಿತಿಯ ಹಂಗು ಈಗ ನನಗಿಲ್ಲ, ಹಾಗಾಗಿ ಕೆಳಗಿದ್ದವರ ಗತಿ ಕಷ್ಟವೇ ಆಯಿತು.

"ಸಾರ್... ಔಟ್ ಸಾರ್... ಉಸ್ರು... ಬಿಡ್ರಿ ಸಾರ್," ಎಂದರು ಮೇಷ್ಟ್ರು ಕೆಳಗಿನಿಂದ.

ಸೀಟಿ ಹಿಡಿದಿದ್ದ ಹುಡುಗಿಗೆ ನಗು ತಡೆಯದೆ ಸೀಟಿ ಊದಲೇ ಆಗಲಿಲ್ಲ. ನಾನು ಅಲ್ಲೇ ಬಿದ್ದುಕೊಂಡು ಕುರ್ಚಿಯ ಕಡೆ ನೋಡಿದೆ. ಮೂಲೆಯವನು ತನ್ನ ಎಡಗೈಯನ್ನೇ ನೋಡುತ್ತಿದ್ದ, ಯಾರದೋ ಕೈ ನೋಡುವವನಂತೆ. ಆಮೇಲೆ ನನ್ನನ್ನು ನೋಡಿದ. ಅವನ ಬಾಯಿ ಒಂದು ಪಕ್ಕಕ್ಕೆ ಸೊಟ್ಟಗಾಗಿ, ಅದರಿಂದ ನಗು ಬಂತು. ಲಕ್ವ ಹೊಡೆದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಅರ್ಧ ಉಸ್ರು ತಡ ಆತು ಕಣಲೇ," ಎಂದ.

"ನೀನು ಕರೆದಿದ್ದೇ ಎರಡು ತಿಂಗಳು ತಡ," ಎಂದೆ. ಹೇಳುತ್ತಾ ಅಳು ಬಂತು. ಹುಡುಗಿಯರ ಎದುರಿಗೇ, ಮಣ್ಣು ಮೆತ್ತಿದ ಮುಖದಲ್ಲಿ, ಚೆನ್ನಾಗಿಯೇ ಅತ್ತೆ.

ಅವನು ಅಂಕದ ಪುಸ್ತಕ ಹಿಡಿದಿದ್ದವಳ ಕಡೆ ತಿರುಗಿದ. "ಬರ್ಕಳಮ್ಮ. ನಾನು ಕಾಲು ಮುಟ್ಟಿಲ್ಲ. ಹಿಡಿದೋನು ಆತ. ಆತನ ಹೆಸ್ರು ಬರಿ."

ಆ ಮಗು ನನ್ನ ಹೆಸರು ಕೇಳಿತು. ಬೇಡ ಬಿಡಮ್ಮ, ಸುಮ್ಮನೆ ತಮಾಷೆಗೆ ಆಡಿದ್ದು ಎಂದು ಹೇಳುವುದು ದೊಡ್ಡ ಮನುಷ್ಯರ ಲಕ್ಷಣವಿರಬಹುದು. ನಾನು ಎದ್ದು ಕುಳಿತು, ನನ್ನ ಹೆಸರನ್ನು ತಂದೆಯ ಹೆಸರಿನ ಸಮೇತ, ಅಕ್ಷರ ಅಕ್ಷರ ಬಿಡಿಸಿ ಹೇಳಿ ಬರೆಸಿದೆ.

ಮೊಣಕಾಲು ಒಂದು ವಾರ ಕುಂಬಳಕಾಯಿಯಷ್ಟು ಊದಿಕೊಂಡಿತ್ತು. ಹರಳೆಣ್ಣೆ ತಿಕ್ಕುತ್ತಾ ಹೆಂಡತಿ ಬೈದಳು, ನಡುನಡುವೆ ಅವನ ಕೈ ಒತ್ತಿದ ಭಾಗವನ್ನು ಮತ್ತೆ ಹೇಳಿಸಿಕೊಂಡಳು.

ಆ ದಿನದಿಂದಲೇ ಅವನ ಕೈ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮರುದಿನ ಅದು ಮತ್ತೆ ಸುಮ್ಮನೆ ಬಿದ್ದಿತ್ತಂತೆ. ಆದರೆ ಈಗ ನಮಗೆ ದಾರಿ ಗೊತ್ತಾಗಿತ್ತು. ಪ್ರತಿದಿನ ಮೇಷ್ಟ್ರನ್ನು ಕರೆತರಲು ಆಗುತ್ತದೆಯೇ? ದಾರಿ ಹುಡುಕಿದ್ದು ಅವನ ಹೆಂಡತಿ. ಬೆಳಿಗ್ಗೆ ಕುರಿಹಟ್ಟಿಯ ಬಾಗಿಲ ಪಕ್ಕ ಅವನನ್ನು ಕೂರಿಸಿ, ಅವನ ಎಡಗೈಯನ್ನು ತಾನು ಹಿಡಿದು, ಇನ್ನೊಂದು ಕೈಯಿಂದ ಬಾಗಿಲಿಗೆ ಅಡ್ಡವಿಟ್ಟ ಪಡಕು ಸರಿಸಿ ಒಂದೊಂದೇ ಕುರಿ ಬಿಡುವಳು. ಕುಂಟುವ ಕುರಿ, ಹುಷಾರಿಲ್ಲದ ಕುರಿ ದಾಟುವಾಗ ಅವನು ಒತ್ತಬೇಕು. ಒತ್ತಿದರೆ ಅವಳು ಹೋಗಿ ಅದನ್ನು ಹಿಡಿಯುವಳು. ನಾನು ಹೋದ ದಿನ ಅವಳಿಗೆ ವಿಶ್ರಾಂತಿ. ಆದರೆ ನನ್ನ ಮೊಣಕಾಲಿಗಿಂತ ಅವಳು ಚುರುಕು ಎಂದು ಅವನು ನನ್ನೆದುರಿಗೇ ಹೇಳಿದ. ಒಪ್ಪಿಕೊಂಡೆ.

ಉಣ್ಣೆ ಕತ್ತರಿಸುವ ಕಾಲ ಬಂತು. ಆ ಬೆಳಿಗ್ಗೆ ನಾನೂ ಅಲ್ಲಿದ್ದೆ. ವ್ಯಾಪಾರಿ ಗಾಡಿ ತೆಗೆದುಕೊಂಡು ಬಂದು ಅಂಗಳದಲ್ಲಿ ಇಳಿದಾಗ, ಮೂಲೆಯವನು ಚಾಪೆಯ ಮೇಲೆ ಕುಳಿತು ಒಂದು ಟಗರಿನ ಹಿಂಗಾಲನ್ನು ಎಡಗೈಯಲ್ಲಿ ಹಿಡಿದಿದ್ದ. ಬೆರಳುಗಳು ಪೂರ್ತಿ ಮುಚ್ಚಿರಲಿಲ್ಲ, ಕೈ ನಡುಗುತ್ತಿತ್ತು, ಹಣೆಯಲ್ಲಿ ಬೆವರು. ಟಗರು ಒದ್ದಾಡಿತು. ಅವನು ಬಿಡಲಿಲ್ಲ. ಟಗರಿನ ಕುತ್ತಿಗೆ ಹಿಡಿದು ಪಕ್ಕದಲ್ಲಿ ನಾನು ಕುಳಿತಿದ್ದೆ. ಬಲಗೈಯ ಕತ್ತರಿ ನಿಧಾನವಾಗಿ ಆಡಿತು. ವ್ಯಾಪಾರಿ ಸ್ವಲ್ಪ ಹೊತ್ತು ನೋಡಿದ.

"ಕೊಡಂಗಿಲ್ಲೇನಪ್ಪ ಹಂಗಾರೆ?" ಎಂದು ಕೇಳಿದ.

"ಚಾ ಕುಡ್ದು ಹೋಗ್ರಿ," ಎಂದ ಮೂಲೆಯವನು, ತಲೆ ಎತ್ತದೆ.

ಆ ದಿನ ಮೂರು ಕುರಿ ಮುಗಿಸಿದೆವು. ಹಿಂದಿನ ಕಾಲದಲ್ಲಿ ಅಷ್ಟರಲ್ಲಿ ಅವನು ಮುಕ್ಕಾಲು ಮಂದೆ ಮುಗಿಸುತ್ತಿದ್ದ. ಉಣ್ಣೆ ಅಲ್ಲಲ್ಲಿ ಗುಪ್ಪೆಗುಪ್ಪೆಯಾಗಿ ಉಳಿದು, ಹೊಳಲ್ಕೆರೆಯ ಕ್ಷೌರದಂಗಡಿಯಿಂದ ಹೊರಬಂದ ನನ್ನ ತಲೆಯಂತೆಯೇ ಕಾಣುತ್ತಿತ್ತು ಎಂದು ಅವನೇ ಹೇಳಿದ. ಅವನ ಹೆಂಡತಿ ಚಹಾ ಕೊಡುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಮ್ಮ ಪಡಸಾಲೆಯಲ್ಲಿ ಈಗ ಹಳೆಯ ಚಿತ್ರದ ಪಕ್ಕದಲ್ಲಿ ಇನ್ನೊಂದು ಚಿತ್ರವಿದೆ. ಆ ಹುಡುಗಿ ಫೋನಿನಲ್ಲಿ ತೆಗೆದ ವಿಡಿಯೊದಿಂದ ಬಿಡಿಸಿ ದೊಡ್ಡದು ಮಾಡಿಸಿದ್ದು. ಸ್ವಲ್ಪ ಮಸುಕಾಗಿದೆ. ಈ ಸಲ ನಾನು ಪೂರ್ತಿ ಬಂದಿದ್ದೇನೆ, ಮುಖ, ಹೊಟ್ಟೆ, ಬಿಚ್ಚಿಹೋದ ಅಂಗಿಯ ಗುಂಡಿ ಸಮೇತ. ಮೇಷ್ಟ್ರು ನನ್ನ ತೋಳಿನೊಳಗೆ ಅರ್ಧ ಬಿದ್ದಿದ್ದಾರೆ. ಚಿತ್ರದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಒಂದು ತೋಳು, ಅದರ ಮೇಲಿಂದ ಮುಂದಕ್ಕೆ ಚಾಚಿದ ಒಂದು ಕೈ. ಮೊಣಕೈಯಿಂದಾಚೆ ಏನೂ ಇಲ್ಲ. ನನ್ನ ಕೈ ಬಿಟ್ಟುಹೋದ ಮೇಲೂ ಅದರ ಬೆರಳುಗಳು ಮಡಚಿಕೊಂಡೇ ಇವೆ.

ಬಂದವರು ಅದು ಯಾರ ಕೈ ಎಂದು ಕೇಳುತ್ತಾರೆ. ಕಾಫಿ ಆರಿದರೂ ಪರವಾಗಿಲ್ಲ, ಕುಂತ್ಕಳ್ರಿ ಎಂದು ಕೂರಿಸಿ, ಅದು ನಮ್ಮ ಮೂಲೆಯವನ ಕೈ ಎಂದು ಹೇಳುತ್ತೇನೆ.